ಗೇರ್ ಹಿಡಿಯುವ ಕೆಲಸ

ನಾನು ಮದುವೆಯಾಗಿ ಹೊಂಗಡಹಳ್ಳದ ಕಡೆಯ ಈ ಮನೆಗೆ ಬಂದದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಆಗ ಅಂಗಳದಲ್ಲಿ ಒಂದು ಜೀಪಿತ್ತು, ಆ ಜೀಪಿಗೊಂದು ರೋಗವಿತ್ತು. ಎರಡನೇ ಗೇರಿಗೆ ಹಾಕಿದರೆ ಅದು ಅಲ್ಲಿ ನಿಲ್ಲುತ್ತಿರಲಿಲ್ಲ, ಟಕ್ ಎಂದು ಕಳಚಿಕೊಂಡು ನ್ಯೂಟ್ರಲ್‌ಗೆ ಬರುತ್ತಿತ್ತು. ನಮ್ಮೂರ ದಾರಿಯಲ್ಲಿ ಏರು ಮತ್ತು ಇಳಿಜಾರು ಬಿಟ್ಟರೆ ಬೇರೇನೂ ಇಲ್ಲ. ಹಾಗಾಗಿ ಮುಂದಿನ ಸೀಟಿನಲ್ಲಿ ಕೂತವರು ಗೇರ್ ರಾಡನ್ನು ಒತ್ತಿ ಹಿಡಿದುಕೊಂಡಿರಬೇಕೆಂಬುದು ಮನೆಯ ಪದ್ಧತಿಯಾಗಿಬಿಟ್ಟಿತ್ತು.

ಆ ಸೀಟು ನನ್ನ ಅತ್ತೆಯದು. ಬಾಯಲ್ಲಿ ಎಲೆ ಅಡಿಕೆ, ಎರಡೂ ಕೈ ರಾಡಿನ ಮೇಲೆ, ಕಣ್ಣು ಕೈಯ ಮೇಲೆ. ಹನ್ನೊಂದು ವರ್ಷ ಹಾಗೇ ಕೂತಿದ್ದರಂತೆ. ಅವರು ಬಾರದ ದಿನ ನನ್ನ ಗಂಡ ಸೀಟಿನ ಕಾಲಿಗೂ ರಾಡಿಗೂ ಟ್ಯೂಬಿನ ರಬ್ಬರ್ ಕಟ್ಟಿ, ಸಾಲದ್ದಕ್ಕೆ ಮೊಣಕಾಲು ಒತ್ತಿ ಓಡಿಸುತ್ತಿದ್ದರು.

"ನಾನ್ ಕೂತ್ಕಳ್ದೆ ಈ ಜೀಪು ಒಂದ್ ಮಾರು ಮ್ಯಾಕೆ ಹತ್ತಲ್ಲ ಕಣೇ," ಎಂದು ಅತ್ತೆ ನನಗೆ ಮೊದಲ ವಾರವೇ ತಿಳಿಸಿದ್ದರು.

ನನಗೋ, ಆ ಜೀಪು ಓಡಿಸಬೇಕೆಂಬ ಹುಚ್ಚು. ಬಸ್ಸು ಹಿಡಿಯಲು ಅರ್ಧ ಗಂಟೆ ನಡೆಯಬೇಕು. ಎಲ್ಲಿಗೆ ಹೋಗಬೇಕೆಂದರೂ ಗಂಡನ ಮುಖ ನೋಡಬೇಕು. ಕೇಳಿ ಕೇಳಿ ಬೇಸತ್ತು ಸಕಲೇಶಪುರಕ್ಕೆ ಹೋಗಿ ಡ್ರೈವಿಂಗ್ ಕಲಿಯಲು ಎಲ್‌ಎಲ್‌ಆರ್ ಮಾಡಿಸಿಕೊಂಡು ಬಂದೇಬಿಟ್ಟೆ. ಗಂಡ ಆ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಆಗ್ಲಿ ಮಾರಾಯ್ತಿ. ಗೇರ್ ಸರಿಹೋದ ದಿನ ನೀನೇ ಓಡ್ಸು."

ಗೇರ್ ಈ ಜನ್ಮದಲ್ಲಿ ಸರಿಹೋಗುವುದಿಲ್ಲ ಎಂಬ ಧೈರ್ಯದಿಂದ ಆಡಿದ ಮಾತದು. ನಾನು ಅದನ್ನು ಗಂಟು ಹಾಕಿ ಇಟ್ಟುಕೊಂಡೆ.

ಆ ವರ್ಷವೇ ವನಗೂರಿನ ಕಡೆಯ ನಮ್ಮ ನೆಂಟರೊಬ್ಬರ ಜೀಪು ಮರಕ್ಕೆ ಗುದ್ದಿ ಚಾಸಿಸ್ ಬಾಗಿ ಮೂಲೆ ಸೇರಿತು. ನೋಡಲು ನಮ್ಮದರ ಅವಳಿ, ಎರಡು ವರ್ಷ ಚಿಕ್ಕದು ಅಷ್ಟೇ. ಕೋಳಿಗಳು ಅದರ ಸೀಟಿನ ಮೇಲೆ ಮೊಟ್ಟೆಯಿಡುತ್ತಿದ್ದವು. ಅದರ ಗೇರ್‌ಬಾಕ್ಸ್ ಮಾತ್ರ ಗಟ್ಟಿಮುಟ್ಟಾಗಿತ್ತು, ಮೇಲಾಗಿ ನಮ್ಮದಕ್ಕೆ ಮೂರು ಗೇರ್ ಇದ್ದರೆ ಅದಕ್ಕೆ ನಾಲ್ಕು. ನಾನೇ ಮಾತು ತೆಗೆದೆ. ನೆಂಟರು ಅದರ ಬದಲಿಗೆ ಒಂದು ಜೇನುಪೆಟ್ಟಿಗೆ ಕೊಟ್ಟರೆ ಸಾಕು ಎಂದರು.

"ಇರೋದೇ ಚೆನ್ನಾಗೈತೆ. ಸುಮ್ನೆ ಯಾಕೆ ಬಿಚ್ತೀರ?" ಎಂದು ಅತ್ತೆ ಒಬ್ಬರೇ ಗೊಣಗಿದರು. ಆಗ ನನಗೆ ಅವರ ಮೇಲೆ ಸಿಟ್ಟೇ ಬಂತು. ಹನ್ನೊಂದು ವರ್ಷದ ಅವರ ಅಧಿಕಾರವನ್ನು ನಾನು ಕಿತ್ತುಕೊಳ್ಳುತ್ತಿದ್ದೇನೆಂದು ಹೊಳೆಯಲಿಲ್ಲ.

ಗೇರ್‌ಬಾಕ್ಸನ್ನು ಪಿಕಪ್ಪಿನಲ್ಲಿ ರಸ್ತೆಯ ತನಕ ತಂದು, ಮನೆಯ ದಾರಿಗೆ ಪಿಕಪ್ಪು ಬಾರದ್ದರಿಂದ ಅಲ್ಲಿಂದ ಇಬ್ಬರು ಆಳುಗಳು ಅದನ್ನು ಮರದ ಗಳುವಿಗೆ ಕಟ್ಟಿ, ಶಿಕಾರಿಯ ಹಂದಿಯನ್ನು ಹೊತ್ತು ತರುವ ಹಾಗೆ ತಂದರು. ದಾರಿಯಲ್ಲಿ ಸಿಕ್ಕವರೊಬ್ಬರು ನಮಗೂ ಒಂದು ಪಾಲು ಕಳಿಸಿ ಎಂದು ತಮಾಷೆ ಮಾಡಿದರಂತೆ. ಸಕಲೇಶಪುರದಿಂದ ಗ್ಯಾರೇಜಿನ ಮೇಸ್ತ್ರಿ ಸಾಮಾನಿನ ಚೀಲ ಹೊತ್ತು ಬಸ್ಸಿನಲ್ಲಿ ಬಂದರು. ಖಾಲಿ ಗೊಬ್ಬರದ ಗುಂಡಿಯ ಮೇಲೆ ಎರಡು ದಿಮ್ಮಿ ಹಾಸಿ, ಜೀಪನ್ನು ಅವುಗಳ ಮೇಲೆ ತಳ್ಳಿ ನಿಲ್ಲಿಸಿ, ಮೇಸ್ತ್ರಿ ಗುಂಡಿಯೊಳಗೆ ಇಳಿದರು.

"ಅದೂ ಜೀಪೇ, ಇದೂ ಜೀಪೇ. ಮಧ್ಯಾಹ್ನದೊಳಗೆ ಕೂತ್ಬುಡುತ್ತೆ," ಎಂದರು ನನ್ನ ಗಂಡ.

ಕೂರಲು ಮೂರು ದಿನ ಬೇಕಾಯಿತು. ಹೊಸ ಗೇರ್‌ಬಾಕ್ಸಿನ ಶಾಫ್ಟಿಗೆ ನಮ್ಮ ಕ್ಲಚ್ ಪ್ಲೇಟಿನ ಹಲ್ಲು ಹೊಂದಲಿಲ್ಲ, ವನಗೂರಿಗೆ ಹೋಗಿ ಆ ಜೀಪಿನ ಪ್ಲೇಟನ್ನೂ ಬಿಚ್ಚಿ ತಂದರು. ಮರುದಿನ ನೋಡಿದರೆ ಗೇರ್‌ಬಾಕ್ಸೇ ಉದ್ದ, ಅಲ್ಲಿಂದ ಹಿಂದಿನ ಚಕ್ರಗಳಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟಿಗೆ ಜಾಗ ಸಾಲದು. ಮತ್ತೆ ವನಗೂರು, ಆ ಜೀಪಿನ ಗಿಡ್ಡ ಶಾಫ್ಟನ್ನೂ ತಂದರು. ಇನ್ನು ಆ ಮನೆಯಿಂದ ತರಲು ಉಳಿದಿರುವುದು ಕೋಳಿಗಳು ಮಾತ್ರ ಎಂದು ನಾನು ನಕ್ಕೆ. ರಾಡು ಮೇಲೆ ಬರಲು ಉಳಿಯಿಂದ ಜೀಪಿನ ತಳ ಕತ್ತರಿಸಿ, ಉಳಿದ ಸಂದಿಗೆ ಹಳೆಯ ಗಂಬೂಟಿನ ರಬ್ಬರ್ ಹೊದಿಸಿದ್ದಾಯಿತು.

ಮೇಸ್ತ್ರಿ ಬಾನೆಟ್ಟಿನ ಧೂಳಿನ ಮೇಲೆ ಬೆರಳಿನಿಂದ ಗೀಚಿ ತೋರಿಸಿದರು. ಮೊದಲು ಎಡಗಡೆ ಮೇಲಕ್ಕೆ ರಿವರ್ಸ್ ಇತ್ತು, ಈಗ ಅಲ್ಲಿ ಒಂದನೇ ಗೇರ್. ರಿವರ್ಸ್ ಬೇರೆ ಮೂಲೆಗೆ ಹೋಗಿದೆ. "ಗೊತ್ತಾಯ್ತಲ್ಲಣ್ಣ?" ಎಂದರು. ನನ್ನ ಗಂಡ ಅಷ್ಟೂ ಗೊತ್ತಿರದವನೇನಯ್ಯ ನಾನು ಎಂಬಂತೆ ಹತ್ತಿ ಕೂತು, ಹಿಂದಕ್ಕೆ ತೆಗೆಯುತ್ತೇನೆಂದು ತಲೆ ಹಿಂದಕ್ಕೆ ತಿರುಗಿಸಿ, ಹಳೆಯ ರೂಢಿಯಂತೆ ಎಡಗಡೆ ಮೇಲಕ್ಕೆ ಹಾಕಿ ಕ್ಲಚ್ ಬಿಟ್ಟರು. ಜೀಪು ಮುಂದಕ್ಕೆ ನೆಗೆದು, ಕಣದಲ್ಲಿ ಒಣಗುತ್ತಿದ್ದ ಕಾಫಿಯ ಮೇಲೆ ಹಾದು, ಆಗಷ್ಟೇ ಒಟ್ಟಿದ್ದ ಹುಲ್ಲಿನ ಮೆದೆಯೊಳಗೆ ಗಾಜಿನ ತನಕ ಹೊಕ್ಕಿತು. ಅವರು ಇನ್ನೂ ಹಿಂದಕ್ಕೇ ನೋಡುತ್ತಿದ್ದರು.

ಅತ್ತೆ ನಕ್ಕ ರಭಸಕ್ಕೆ ಬಾಯಲ್ಲಿದ್ದ ಎಲೆ ಅಡಿಕೆಯೆಲ್ಲ ಹೊರಗೆ ಬಂತು.

ಆ ವಾರ ಇನ್ನೆರಡು ಸಲ ಹಾಗೇ ಆಯಿತು. ಹನ್ನೊಂದು ವರ್ಷ ಒಂದೇ ದಾರಿಯಲ್ಲಿ ಓಡಾಡಿದ ಕೈ, ತಲೆ ಹೇಳಿದ್ದನ್ನು ಕೇಳಲು ಒಪ್ಪಲಿಲ್ಲ. ನನಗೆ ಆ ತೊಂದರೆಯೇ ಇರಲಿಲ್ಲ, ಯಾಕೆಂದರೆ ಮರೆಯಬೇಕಾದ್ದು ನನಗೇನೂ ಗೊತ್ತಿರಲಿಲ್ಲ! ಮುದ್ದೆ ತಿರುವುವ ಕೋಲು ಹಿಡಿದು ಒಲೆಯ ಮುಂದೆಯೇ ಒಂದು, ಎರಡು, ಮೂರು, ನಾಲ್ಕು ಎಂದು ಅಭ್ಯಾಸ ಮಾಡಿದೆ. ಕೊಯ್ಲು ಮುಗಿದ ಗದ್ದೆಯಲ್ಲಿ ಗಂಡ ಪಕ್ಕದಲ್ಲಿ ಕೂತು ಬೈಯುತ್ತಾ ಕಲಿಸಿದರು. ಕೊನೆಗೆ ಬೈಯಲು ಏನೂ ಸಿಗದೆ ಮುಖ ಊದಿಸಿಕೊಂಡರು. ಆ ದಿನಗಳಷ್ಟು ಖುಷಿ ನನಗೆ ಮತ್ತೆ ಯಾವಾಗ ಆಯಿತೋ ನೆನಪಿಲ್ಲ.

ಮೊದಲ ಸಲ ರಸ್ತೆಗಿಳಿದ ದಿನ ಗಂಡ ಹಿಂದಿನ ಸೀಟಿನಲ್ಲಿ ಕೂತರು, ಮುಂದೆ ಅತ್ತೆ. ಆ ಸೀಟು ಬಿಟ್ಟುಕೊಡಲು ಅವರು ತಯಾರಿರಲಿಲ್ಲ. ಹೊಂಗಡಹಳ್ಳದ ಕಡೆಯ ದೊಡ್ಡ ಏರು ಶುರುವಾಯಿತು. ನಾನು ಮೂರರಿಂದ ಎರಡಕ್ಕೆ ಇಳಿಸಬೇಕು, ನೋಡಿದರೆ ಅತ್ತೆಯ ಎರಡೂ ಕೈ ಆಗಲೇ ರಾಡಿನ ಮೇಲೆ. ಎಳೆದರೆ ಬರುತ್ತಿಲ್ಲ. ಎಂಜಿನ್ ಮುಕ್ಕರಿಯತೊಡಗಿತು. ಇಲ್ಲಿ ಜೀಪು ನಿಂತರೆ ನನ್ನ ಡ್ರೈವಿಂಗ್ ಇವತ್ತಿಗೇ ಮುಗಿಯಿತು ಎನಿಸಿತು.

"ಅತ್ತೆ, ಕೈ ತಗೀರಿ!"

ಈ ಮನೆಗೆ ಬಂದ ಮೇಲೆ ಅತ್ತೆಯ ಮುಂದೆ ನಾನು ದನಿಯೇರಿಸಿದ್ದು ಅದೇ ಮೊದಲು. ಅವರು ಬೆಂಕಿ ಮುಟ್ಟಿದವರ ಹಾಗೆ ಕೈ ತೆಗೆದರು. ನಾನು ಎರಡಕ್ಕೆ ಹಾಕಿದೆ. ಗೇರ್ ಕೂತಿತು, ಕೂತೇ ಇತ್ತು. ಜೀಪು ಏರತೊಡಗಿತು. ಅತ್ತೆ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಆ ಕಡೆ ಮುಖ ತಿರುಗಿಸಿ ಕೂತರು. ಅವರ ಕೈಗೆ ಕೆಲಸವಿಲ್ಲದಂತೆ ಮಾಡಿದೆನಲ್ಲ ಎಂದು ಆಗ ಹೊಳೆಯಿತು. ಏನು ಹೇಳಿ ಸಮಾಧಾನ ಮಾಡಲಿ ಎಂದು ಯೋಚಿಸುತ್ತಲೇ ಏರು ಮುಗಿಸಿದೆ.

"ನಿಲ್ಸೇ," ಎಂದರು ಅತ್ತೆ. ಬೈಸಿಕೊಳ್ಳಲು ತಯಾರಾಗಿ ನಿಲ್ಲಿಸಿದೆ.

"ಅಲ್ಲಿ ಕೆಳಗಡೆ ಒಂದ್ ಹೊಳೆ ಕಾಣ್ತು ಕಣೇ. ಯಾವಾಗಿಂದ ಐತೆ ಅದು?"

"ಮೊದ್ಲಿಂದ್ಲೂ ಐತಲ್ಲವ್ವ," ಎಂದರು ನನ್ನ ಗಂಡ ಹಿಂದಿನಿಂದ.

"ನಂಗೆಲ್ಲಿ ಗೊತ್ತು? ಹನ್ನೊಂದ್ ವರ್ಸ ಈ ರಾಡ್ ನೋಡ್ಕಂಡೇ ಬಂದಿವ್ನಿ." ಅವರ ಮುಖ ಹೊಳೆಯುತ್ತಿತ್ತು. "ಸ್ವಲ್ಪ ಹಿಂದಕ್ಕೆ ತಗೊಳೇ, ಇನ್ನೊಂದ್ಸಲ ನೋಡಾಣ."

ಗಂಡ ಸೀಟಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡರು. ನಾನು ರಿವರ್ಸ್ ಹಾಕಿದೆ. ಜೀಪು ಹಿಂದಕ್ಕೇ ಹೋಯಿತು.