ಗುಂಡುಕಲ್ಲಿಗೆ ಹಾಕಿದ ಸರ

ನಾನು ಅಜ್ಜಿಯಾಗಿ ಆರನೆಯ ತಿಂಗಳು ನಡೆಯುತ್ತಿದೆ. ಈ ಮಾತನ್ನು ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳುತ್ತೇನೆ, ಸಿಲಿಂಡರ್ ಹೊತ್ತು ತರುವವನಿಗೂ ಹೇಳುತ್ತೇನೆ. ಅವನು ಮೂರು ಸಲ ಕೇಳಿಸಿಕೊಂಡಿದ್ದಾನೆ. ನಾನು ಓದಿದ್ದು ನಾಲ್ಕನೇ ಕ್ಲಾಸು, ಹಾಲಿನ ಲೆಕ್ಕ ಬಿಟ್ಟರೆ ಏನನ್ನೂ ಬರೆದವಳಲ್ಲ. ಆದರೆ ಮೊಮ್ಮಗಳು ನನ್ನ ಹೆಬ್ಬೆರಳು ಹಿಡಿದುಕೊಂಡಳೆಂದರೆ ಬಿಡುವುದೇ ಇಲ್ಲ. ಆ ಸಂತೋಷವನ್ನು ಎಲ್ಲಿಡಬೇಕೋ ತಿಳಿಯದೆ ಈ ನೋಟ್‌ಬುಕ್ಕು ತೆಗೆದುಕೊಂಡೆ. ಸಂತೋಷದ ಜೊತೆಗೆ ಒಂದು ಅಳುಕೂ ಬಂದು ಕೂತಿದೆ. ಅದನ್ನೂ ಇಲ್ಲೇ ಇಡುತ್ತೇನೆ.

ನಮ್ಮ ಮನೆಯಲ್ಲಿ ಒಂದು ಪದ್ಧತಿ. ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಮೊದಲು ಚಟ್ನಿ ಅರೆಯುವ ಗುಂಡುಕಲ್ಲನ್ನು ತೊಳೆದು, ಅರಿಶಿನ ಹಚ್ಚಿ, ಕುಲಾವಿ ಹಾಕಿ ತೊಟ್ಟಿಲಲ್ಲಿ ಮಲಗಿಸುತ್ತೇವೆ. ಕಲ್ಲಿನ ಹಾಗೆ ಗಟ್ಟಿಯಾಗಿರಲಿ ಅಂತ. ಇದು ಸುಮಾರು ಮನೆಗಳಲ್ಲಿ ಉಂಟು. ನಮ್ಮಲ್ಲಿ ಇನ್ನೊಂದು ಹೆಚ್ಚು: ಮನೆಯ ಹಿರಿಯ ಹೆಂಗಸಿನ ಬಂಗಾರದ ಸರವನ್ನು ಆ ಕಲ್ಲಿಗೆ ಹಾಕಿ, ಆಮೇಲೆ ಅದನ್ನೇ ತೆಗೆದು ಮಗುವಿನ ಕೊರಳಿಗೆ ಹಾಕಬೇಕು. ನನ್ನ ಅತ್ತೆಯ ಅವಲಕ್ಕಿ ಸರ ಹೀಗೆ ನನ್ನ ಗಂಡನ ಕೊರಳಿಗೆ ಬಿದ್ದಿತ್ತು, ನನ್ನ ಮಗನ ಕೊರಳಿಗೂ ಬಿದ್ದಿತ್ತು. ಮಗನಿಗೆ ಹಾಕಿದಾಗ ಎರಡು ಸುತ್ತು ಸುತ್ತಿದರೂ ಹೊಕ್ಕುಳ ಮುಟ್ಟುತ್ತಿತ್ತು. ಮೊಮ್ಮಗಳಿಗೂ ಅದನ್ನೇ ಹಾಕಬೇಕು. ಸೊಸೆ ಬಸುರಿ ಎಂದು ಗೊತ್ತಾದ ದಿನದಿಂದ ನನ್ನ ತಲೆಯಲ್ಲಿ ಇದ್ದದ್ದು ಇದೊಂದೇ, ಏಕೆಂದರೆ ಸರ ಮನೆಯಲ್ಲಿ ಇರಲಿಲ್ಲ.

ಭದ್ರಾವತಿಯಲ್ಲಿ ಕಾರ್ಖಾನೆಯ ಗೇಟಿನಿಂದ ಸ್ವಲ್ಪ ದೂರದಲ್ಲಿ ನನ್ನದೊಂದು ತಿಂಡಿ ಗಾಡಿ. ಗಂಡ ಇದ್ದಾಗ ಶುರು ಮಾಡಿದ್ದು, ಅವರು ಹೋದ ಮೇಲೂ ನಿಲ್ಲಲಿಲ್ಲ. ಗೇಟಿಗೆ ಬರುವ ಜನ ಕಡಿಮೆಯಾದ ಮೇಲೆ ಗಾಡಿಯನ್ನು ಬಸ್ ಸ್ಟ್ಯಾಂಡಿನ ಕಡೆಗೆ ತಳ್ಳಿಕೊಂಡು ಬಂದೆ. ಇಡ್ಲಿ, ವಡೆ, ಚಟ್ನಿ. ಬೆಲೆ ಏರಿದ್ದು ಪೇಪರ್ ಓದುವವರಿಗೆ ತಿಳಿಯುವ ಮೊದಲೇ ನನ್ನ ಕೈಗೆ ತಿಳಿಯುತ್ತಿತ್ತು. ಉದ್ದಿನಬೇಳೆ ಏರಿದರೆ ಗಿರಾಕಿಗೆ ಒಂದು ರೂಪಾಯಿ ಜಾಸ್ತಿ ಕೇಳಲು ಬಾಯಿ ಬರುವುದಿಲ್ಲ. ಆದರೆ ಮಾರನೆಯ ದಿನ ಹಿಟ್ಟು ತೆಗೆಯುವಾಗ ಕೈ ತಾನಾಗಿ ಸ್ವಲ್ಪ ಕಡಿಮೆ ಎತ್ತುತ್ತದೆ. ಎಣ್ಣೆ ಏರಿದರೆ ವಡೆಯ ತೂತು ದೊಡ್ಡದಾಗುತ್ತದೆ. ನಾನು ಬೇಕೆಂದು ಮಾಡಿದ್ದಲ್ಲ. ದೇವರಾಣೆ ಕೈಯೇ ಮಾಡಿದ್ದು.

ಗಾಡಿಯ ಪಕ್ಕದಲ್ಲಿ ಹೂವು ಮಾರುವವಳೊಬ್ಬಳು ಕೂರುತ್ತಾಳೆ. ಮನೆಮಾತು ತಮಿಳು. ಹುಟ್ಟಿದ್ದು ಬೆಳೆದದ್ದು ಎಲ್ಲ ಇಲ್ಲಿಯೇ, ನನಗಿಂತ ಚಿಕ್ಕವಳು. ಅವಳು ಒಂದು ದಿನ ವಡೆಯನ್ನು ಕಣ್ಣಿಗೆ ಹಿಡಿದು ತೂತಿನಿಂದ ನನ್ನನ್ನು ನೋಡಿದಳು.

"ಅಕ್ಕಾ, ಫುಲ್ ಕಾಣ್ತೀರಿ ಇವತ್ತು."

"ನಿನ್ನ ಮೊಳಕ್ಕಿಂತ ವಾಸಿ ಬಿಡೇ ಮಾರಾಯ್ತಿ. ಮೊದಲು ಬೆರಳ ತುದಿಯಿಂದ ಮೊಣಕೈ ತನಕ ಅಳೀತಿದ್ದೆ. ಈಗ ಬಳೆ ಹತ್ರಾನೇ ಕತ್ತರಿಸ್ತೀಯಲ್ಲ."

"ಏನ್ ಮಾಡ್ಲಿ, ಕೈ ಗಿಡ್ಡ ಆಗ್ತಾ ಇದೆ. ವಯಸ್ಸಾಯ್ತಲ್ಲ."

ಹೀಗೆ ನಗುತ್ತಿದ್ದೆವು. ನಗುವುದಕ್ಕೆ ಕಾಸು ಬೇಕಿರಲಿಲ್ಲ.

ಐದು ವರ್ಷದ ಹಿಂದೆ ಮಗ ಲಗೇಜ್ ಆಟೋ ತೆಗೆದುಕೊಳ್ಳುತ್ತೇನೆ ಎಂದ. ಮುಂಗಡಕ್ಕೆ ಹಣ ಬೇಕಿತ್ತು. ಸರ ಬಿಚ್ಚಿ ಕೊಟ್ಟೆ. ಬಸ್ ಸ್ಟ್ಯಾಂಡಿನ ಹತ್ತಿರವೇ ಚಿನ್ನದ ಮೇಲೆ ಸಾಲ ಕೊಡುವ ಒಂದು ಆಫೀಸು. ಗಾಜಿನ ಬಾಗಿಲು, ಒಳಗೆ ತಂಪು. ಕೌಂಟರಿನಲ್ಲಿದ್ದವರು ನನ್ನನ್ನು ಕುರ್ಚಿ ಎಳೆದು ಕೂರಿಸಿ, ನೀರು ಕೊಟ್ಟು, ಅಮ್ಮ ಎಂದು ಮಾತಾಡಿಸಿದರು. ಅರ್ಧ ಗಂಟೆಯಲ್ಲಿ ಹಣ ಕೈಗೆ ಬಂತು. ಒಂದು ವರ್ಷದಲ್ಲಿ ಬಿಡಿಸಿಕೊಳ್ಳುತ್ತೇವೆ ಎಂದುಕೊಂಡು ಬಂದೆವು. ಹಾಗೆಂದು ನಂಬಿದ್ದೆವು ಕೂಡ.

ವರ್ಷವಾಯಿತು. ಬಡ್ಡಿ ಕಟ್ಟಲು ನಾನು ಸೆರಗಿನಲ್ಲಿ ನೋಟು ಗಂಟು ಹಾಕಿಕೊಂಡು ಮಗನ ಜೊತೆ ಹೋದರೆ, ಕೌಂಟರಿನವರು ಕಂಪ್ಯೂಟರ್ ನೋಡಿ ನಕ್ಕರು.

"ಅಮ್ಮ, ಗಂಟು ಬಿಚ್ಚೋದೇ ಬೇಡ. ಚಿನ್ನದ ರೇಟು ಏರಿದೆ. ಅದೇ ಸರಕ್ಕೆ ಈಗ ಜಾಸ್ತಿ ಬರುತ್ತೆ. ಹಳೇ ಸಾಲ, ಬಡ್ಡಿ ಎಲ್ಲ ಅದರಲ್ಲೇ ಹಿಡ್ಕೊಂಡು, ಉಳಿದದ್ದು ನಿಮ್ ಕೈಗೆ ಕೊಡ್ತೀವಿ."

ನಾನು ಎರಡು ಸಲ ಕೇಳಿದೆ. ಎರಡು ಸಲವೂ ಅದನ್ನೇ ಹೇಳಿದರು. ಹೆಬ್ಬೆಟ್ಟು ಬೇಡ, ಸೈನು ಸಾಕು ಎಂದರು. ನಾನು ಹೆಸರು ಪೂರ್ತಿ ಬರೆದು ಸೈನು ಹಾಕಿದೆ. ಕೊಡಲು ಹೋದವಳು ತೆಗೆದುಕೊಂಡು ಬಂದೆ. ಆ ದುಡ್ಡಿನಲ್ಲಿ ಹಿಟ್ಟು ರುಬ್ಬುವ ಗ್ರೈಂಡರ್ ಬಂತು.

ಮರುವರ್ಷವೂ ಅದೇ ಮಾತು. ಅದರ ಮರುವರ್ಷ ಮಗನ ಮದುವೆ. ಹೀಗೆ ವರ್ಷಕ್ಕೊಂದು ದಿನ ನಮಗೆ ಹಬ್ಬದ ಹಾಗಾಯಿತು. 'ಸರದ ದಿನ' ಎಂದೇ ಕರೆಯುತ್ತಿದ್ದೆವು. ಆಫೀಸಿಗೆ ಹೋಗಿ ಸೈನು ಹಾಕಿ, ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದು ಬರುವುದು. ಮಗ ಹೊಸ ಸೊಸೆಯ ಎದುರು ಜಂಬ ಕೊಚ್ಚುತ್ತಿದ್ದ.

"ನಮ್ಮನೇಲಿ ದುಡಿಯೋರು ಮೂರು ಜನ ಗೊತ್ತಾ? ನಾನು, ಅಮ್ಮ, ಅಮ್ಮನ ಸರ. ಮೂರರಲ್ಲಿ ರಜಾ ಹಾಕದೇ ಇರೋದು ಸರ ಒಂದೇ."

ಹೋದ ವರ್ಷದ ಸರದ ದಿನ ಮೂವರೂ ಹುಲಿ ಸಿಂಹ ನೋಡಲು ತ್ಯಾವರೆಕೊಪ್ಪದ ಸಫಾರಿಗೆ ಹೋದೆವು. ನಾನು ಹುಲಿಯನ್ನು ನೋಡಿದ್ದು ಅದೇ ಮೊದಲು. ಜಾಲರಿ ಹಾಕಿದ ಬಸ್ಸು ಒಳಗೆ ಹೋಗಿ ನಿಂತಿತು. ಹುಲಿ ದಾರಿಯ ಪಕ್ಕದಲ್ಲೇ ಮಲಗಿತ್ತು, ನಮ್ಮ ಮನೆಯ ಬೆಕ್ಕಿನಷ್ಟೇ ಸಾಧುವಾಗಿ. ನಾವು ಅಷ್ಟು ಹತ್ತಿರ ಹೋದರೂ ಅದು ತಲೆ ಎತ್ತಲಿಲ್ಲ. ಯಾರೋ ಕೇಳಿದ್ದಕ್ಕೆ ಡ್ರೈವರ್, "ಊಟ ಆಗಿದೆ, ಅದಕ್ಕೇ ಸುಮ್ನಿದೆ" ಎಂದ. ಎಲ್ಲರೂ ನಕ್ಕರು. ನನಗೆ ಮಾತ್ರ ಏಕೋ ಆಫೀಸಿನ ತಂಪು, ಆ ಕುರ್ಚಿ, ಆ ನೀರಿನ ಲೋಟ ನೆನಪಾಯಿತು. ಬಿಸಿಲಿಗಿರಬೇಕು ಎಂದುಕೊಂಡೆ.

ಮಾರನೆಯ ದಿನ ಹೂವಿನವಳಿಗೆ ಎಲ್ಲ ಹೇಳಿದೆ. ಹುಲಿಯ ಸುದ್ದಿಯನ್ನೂ ಹೇಳಿದೆ, ಸರ ದುಡಿಯುವುದನ್ನೂ ಹೇಳಿದೆ. ಅವಳು ಹೂವು ಕಟ್ಟುವುದನ್ನು ನಿಲ್ಲಿಸಲಿಲ್ಲ.

"ಸರ ಎಲ್ಲಕ್ಕಾ ದುಡೀತು? ಅದು ಅವರ ಪೆಟ್ಟಿಗೇಲಿ ಮಲಗಿದೆ. ಹೋದಾಗ ಎಷ್ಟು ಗ್ರಾಮಿತ್ತೋ ಈಗ್ಲೂ ಅಷ್ಟೇ ಇದೆ."

"ರೇಟು ಏರಿದೆಯಲ್ಲೇ."

"ಉದ್ದು ಏರ್ಲಿಲ್ವಾ? ಎಣ್ಣೆ ಏರ್ಲಿಲ್ವಾ? ಆವಾಗ ಅಯ್ಯೋ ಅಂತೀರಿ. ಚಿನ್ನ ಏರಿದ್ರೆ ದೋಸೆ ತಿಂತೀರಿ. ಸರ ದೊಡ್ಡದಾಗಿಲ್ಲ ಅಕ್ಕಾ. ರೂಪಾಯಿ ಸಣ್ಣ ಆಗಿದೆ, ನಿಮ್ಮ ವಡೆ ತರ. ಆದ್ರೆ ಸಾಲ ಮಾತ್ರ ದೊಡ್ಡದಾಗ್ತಾನೇ ಇದೆ, ನೋಡ್ಕೊಳ್ಳಿ."

ನನಗೆ ಸಿಟ್ಟು ಬಂತು. ಎರಡು ದಿನ ಅವಳಿಗೆ ಚಟ್ನಿ ಕಡಿಮೆ ಹಾಕಿದೆ. ಅವಳು ಹೆಂಗಸರ ಸಂಘ ಸೇರಿ ವಾರದ ಕಂತಿನ ಸಾಲ ತೆಗೆದುಕೊಂಡವಳು. ಅವಳ ಬೀದಿಯಲ್ಲಿ ಎರಡು ಮನೆಯವರು ಕಂತು ಕಟ್ಟಲಾಗದೆ ಬೀಗ ಹಾಕಿ ಹೋಗಿದ್ದರು. ಕಂತಿನವರು ಬಂದು ಬೀಗ ಮುಟ್ಟಿ ನೋಡಿ, ಅವರ ಪಾಲನ್ನೂ ಸಂಘದ ಉಳಿದ ಹೆಂಗಸರೇ ಕಟ್ಟಬೇಕು ಎಂದಿದ್ದರು. ಆ ಹೊಟ್ಟೆಯುರಿಯಿಂದ ನನಗೆ ಹೀಗೆ ಹೇಳುತ್ತಾಳೆ ಎಂದುಕೊಂಡೆ. ಆದರೆ ಮಾತು ಕಿವಿಯಿಂದ ಹೋಗಲಿಲ್ಲ. ಹಿಟ್ಟು ಎತ್ತುವಾಗೆಲ್ಲ ನೆನಪಾಗುತ್ತಿತ್ತು.

ಮೊಮ್ಮಗಳು ಹುಟ್ಟಿದಳು. ಅವಳ ಮುಖ ನೋಡಿ ಆಸ್ಪತ್ರೆಯ ವರಾಂಡದಲ್ಲಿ ನಾನು ಗೊತ್ತಿಲ್ಲದವರಿಗೆಲ್ಲ ಸಕ್ಕರೆ ಹಂಚಿದೆ. ನನ್ನ ಗಂಡನದೇ ಹಣೆ, ಅದೇ ಅಗಲ ಕಿವಿ. ಸೊಸೆಯ ತವರು ಶಿವಮೊಗ್ಗದ ವಿದ್ಯಾನಗರ, ಬಾಣಂತನ ಅಲ್ಲಿಯೇ ಆಯಿತು. ಐದನೆಯ ತಿಂಗಳಿಗೆ ಅದೇ ಊರಿನ ಹೊಸಮನೆಯಲ್ಲಿ ಮದುವೆಯಾದ ಮೇಲೆ ಮಗ ಹಿಡಿದ ಬಾಡಿಗೆ ಮನೆಗೆ ಕರೆದುಕೊಂಡು ಬಂದು ತೊಟ್ಟಿಲಿಗೆ ಹಾಕುವುದೆಂದು ದಿನ ಗೊತ್ತಾಯಿತು. ಅದಕ್ಕೆ ಹತ್ತು ದಿನ ಇರುವಾಗ ಸರ ಬಿಡಿಸಲು ಎಷ್ಟು ಬೇಕು ಎಂದು ಕೇಳಲು ನಾನೂ ಮಗನೂ ಆಫೀಸಿಗೆ ಹೋದೆವು.

ಕೌಂಟರಿನವರು ಹೇಳಿದ ಮೊತ್ತ ಕೇಳಿ ಮಗ ನನ್ನ ಕಡೆ ನೋಡಲಿಲ್ಲ. ಐದು ವರ್ಷದ ಹಿಂದೆ ನಾವು ತಂದದ್ದಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ. ಅವರು ಏನೂ ಮೋಸ ಮಾಡಿರಲಿಲ್ಲ. ಪ್ರತಿ ಕಾಗದದ ಕೆಳಗೂ ನನ್ನ ಪೂರ್ತಿ ಹೆಸರಿತ್ತು, ನಾಲ್ಕನೇ ಕ್ಲಾಸಿನ ದುಂಡು ಅಕ್ಷರದಲ್ಲಿ.

"ಬಿಡಿಸೋದು ಯಾಕೆ ಅಮ್ಮ? ಈಗಿನ ರೇಟಿಗೆ ಇನ್ನೂ ಬರುತ್ತೆ. ಅದರಲ್ಲಿ ಮಗೂಗೆ ಹೊಸ ಸರಾನೇ ತಗೊಳ್ಳಿ" ಎಂದರು ಅವರು, ಅಷ್ಟೇ ಪ್ರೀತಿಯಿಂದ.

ಹೊರಗೆ ಬಂದ ಮೇಲೆ ಮಗ ಫೋನ್ ತೆಗೆದ. "ಬಿಡಿಸೋದಾದ್ರೆ ಬಿಡ್ಸೋಣ ಅಮ್ಮ. ಫೋನಲ್ಲೇ ಸಾಲ ಕೊಡ್ತಾರೆ. ಐದು ನಿಮಿಷ. ಬ್ಯಾಂಕಿನವರೇ ದಿನಾ ಮೆಸೇಜ್ ಕಳಿಸ್ತಾರೆ ನೋಡು, ನಿಮಗೆ ಇಷ್ಟು ಮಂಜೂರಾಗಿದೆ ಅಂತ. ಕೇಳದೇ ಇದ್ರೂ ಕೊಡ್ತಾರೆ."

ಒಂದು ಕಾಲದಲ್ಲಿ ಗಾಡಿಗೆಂದು ಸ್ವಲ್ಪ ಸಾಲಕ್ಕಾಗಿ ನನ್ನ ಗಂಡ ಬ್ಯಾಂಕಿಗೆ ಎಂಟು ಸಲ ಅಲೆದಿದ್ದರು, ಸಿಕ್ಕಿರಲಿಲ್ಲ. ಈಗ ಕೇಳದವರನ್ನು ಹುಡುಕಿಕೊಂಡು ಹಣ ಬರುತ್ತಿದೆ. ಎಲ್ಲಿಂದ ಬರುತ್ತಿದೆ ಇಷ್ಟೊಂದು? ಯಾರ ಮನೆಯಿಂದ?

"ಬೇಡಪ್ಪ" ಎಂದೆ. "ಸಾಲ ತೀರಿಸಕ್ಕೆ ಸಾಲ ಬೇಡ. ಸರದಲ್ಲೇ ಎಷ್ಟು ಉಳಿಯುತ್ತೋ ಉಳೀಲಿ. ಕತ್ತರಿಸು."

ಅಡವಿಟ್ಟ ಚಿನ್ನವನ್ನು ಬಿಡಿಸಿ ಕೊಂಡುಕೊಳ್ಳುವ ಅಂಗಡಿಯವರೊಬ್ಬರು ಶಿವಮೊಗ್ಗದಿಂದ ಬಂದರು. ಅವರೇ ಹಣ ಕಟ್ಟಿ ಸರ ಬಿಡಿಸಿದರು. ಐದು ವರ್ಷದ ಮೇಲೆ ಅದನ್ನು ನೋಡಿದೆ. ಮುಟ್ಟಬೇಕೆನ್ನುವಷ್ಟರಲ್ಲಿ ಅವರು ತಕ್ಕಡಿಗೆ ಹಾಕಿದರು, ಅಂಗಡಿಗೆ ಕರೆದುಕೊಂಡು ಹೋಗಿ ತಾವು ಕಟ್ಟಿದ್ದಕ್ಕೆ ಸಮನಾಗಿ ಅಳೆದು ಕತ್ತರಿ ಹಾಕಿದರು. ಉಳಿದದ್ದು ಅರ್ಧಕ್ಕೂ ಕಡಿಮೆ. ಎರಡು ಕೊನೆ ಸೇರಿಸಿ ಕೊಂಡಿ ಬೆಸೆದು ಕೊಟ್ಟರು. ಅದನ್ನು ನನ್ನ ಕೊರಳಿಗೆ ಹಾಕಿಕೊಳ್ಳಲು ನೋಡಿದೆ, ತಲೆಯಿಂದ ಇಳಿಯಲಿಲ್ಲ.

ತೊಟ್ಟಿಲಿನ ದಿನ ನಾನು ಬೆಳಗ್ಗೆಯೇ ಹೊಸಮನೆಗೆ ಹೋಗಿ ವಡೆ ಕರಿದೆ. ಮೊದಲ ವರ್ಷ ಗೇಟಿನ ಮುಂದೆ ಮಾಡುತ್ತಿದ್ದ ಗಾತ್ರದ ವಡೆ. ಹೂವಿನವಳು ಭದ್ರಾವತಿಯಿಂದ ಬುಟ್ಟಿ ತುಂಬ ಮಲ್ಲಿಗೆ ತಂದಳು. ಒಂದು ವಡೆ ತೆಗೆದುಕೊಂಡು ಮತ್ತೆ ಕಣ್ಣಿಗೆ ಹಿಡಿದಳು.

"ಇವತ್ತು ಏನೂ ಕಾಣ್ತಿಲ್ಲ ಅಕ್ಕಾ."

"ಇವತ್ತು ರೇಟಿಲ್ಲ. ತಿನ್ನು."

ಅವಳೂ ಆ ದಿನ ತೊಟ್ಟಿಲಿನ ಹೂವನ್ನು ಮೊಣಕೈ ತನಕ ಅಳೆದೇ ಕಟ್ಟಿದಳು.

ಗುಂಡುಕಲ್ಲಿಗೆ ಅರಿಶಿನ ಹಚ್ಚಿ ಕುಲಾವಿ ಹಾಕಿದೆವು. ಸರ ಅದಕ್ಕೆ ಸುತ್ತು ಬರಲಿಲ್ಲ. ಕಲ್ಲಿನ ನೆತ್ತಿಯ ಮೇಲೆ ಸುಮ್ಮನೆ ಇಟ್ಟೆ. ಬೀಗಿತ್ತಿ ನೋಡಿ ಕುಲಾವಿ ಸರಿಮಾಡಿದರು. ಆಮೇಲೆ ತೆಗೆದು ಮೊಮ್ಮಗಳ ಕೊರಳಿಗೆ ಹಾಕಿದೆ. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಅವಳು ಅದನ್ನು ಬಾಯಿಗೆ ಹಾಕಿಕೊಳ್ಳಲು ನೋಡಿದಳು, ಎಲ್ಲರೂ ನಕ್ಕರು, ನಾನು ಅತ್ತುಬಿಟ್ಟೆ. ಅಷ್ಟು ಸುಖವಾಗಿ ನಾನು ಎಂದೂ ಅತ್ತಿರಲಿಲ್ಲ.

ಊಟಕ್ಕೆ ಕೂತಾಗ ಮಗ ನನ್ನ ಎಲೆಯ ಕಡೆ ಬಾಗಿ, ಒಳ್ಳೆಯ ಸುದ್ದಿ ಹೇಳುವ ಹಾಗೆ ಮೆಲ್ಲಗೆ ಹೇಳಿದ: "ಬೇಜಾರ್ ಮಾಡ್ಕೋಬೇಡ ಅಮ್ಮ. ಲೆಕ್ಕ ಹಾಕ್ದೆ. ಈ ತುಂಡಿಗೇ ಈಗ, ಆವತ್ತು ಇಡೀ ಸರಕ್ಕೆ ಕೊಟ್ರಲ್ಲ, ಅಷ್ಟು ಕೊಡ್ತಾರೆ. ನಮಗೇನೂ ಲುಕ್ಸಾನಾಗಿಲ್ಲ."

ಅವನು ಕೆಟ್ಟವನಲ್ಲ. ತೊಟ್ಟಿಲ ಕಡೆ ನೋಡಿದಾಗ ಅವನ ಮುಖದಲ್ಲಿ ಪ್ರೀತಿ ತುಂಬಿತ್ತು. ಆದರೆ ಕಣ್ಣು ಮಗುವಿನ ಮುಖದಿಂದ ಕೊರಳಿಗೆ ಇಳಿದು ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ಸೊಸೆಯೂ ಅದನ್ನು ಕಂಡಿದ್ದಳು. ಸಂಜೆ ನಾನು ಹೊರಡುವಾಗ ಸರ ಬಿಚ್ಚಿ ನನ್ನ ಕೈಗಿಟ್ಟಳು.

"ನಿಮ್ಮ ಹತ್ರಾನೇ ಇರ್ಲಿ ಅತ್ತೆ. ಇಲ್ಲಿದ್ರೆ..." ಎಂದು ನಿಲ್ಲಿಸಿದಳು.

ಅಂಗೈಯಲ್ಲಿ ಅದು ಮಗುವಿನ ಮೈಯ ಬಿಸಿಗೆ ಇನ್ನೂ ಬೆಚ್ಚಗಿತ್ತು. ನಾನು ಅದಕ್ಕೆ ಮುತ್ತಿಡಬೇಕಿತ್ತು. ಅದಕ್ಕೂ ಮೊದಲು, ಹಿಟ್ಟು ಎತ್ತಿ ಎತ್ತಿ ಪಳಗಿದ ನನ್ನ ಕೈ ಒಂದು ಸಲ ಮೇಲೆ ಕೆಳಗೆ ಆಡಿ ಭಾರ ನೋಡಿತು. ಇಷ್ಟು ಗ್ರಾಂ, ಇಷ್ಟು ರೂಪಾಯಿ. ನಾನು ಬೇಕೆಂದು ಮಾಡಿದ್ದಲ್ಲ.

ಭದ್ರಾವತಿಯಲ್ಲಿ ಬಸ್ಸು ಇಳಿದಾಗ ಇನ್ನೂ ಬೆಳಕಿತ್ತು. ನಾಳೆಯ ಉದ್ದು ತರಬೇಕಿತ್ತು, ಸಿಲಿಂಡರ್ ಮುಗಿಯುವ ಹಾಗಿತ್ತು. ಆಫೀಸಿನ ಮುಂದೆ ಕೆಂಪು ದೀಪದ ಬೋರ್ಡಿನಲ್ಲಿ ಆ ದಿನದ ರೇಟು ಓಡುತ್ತಿತ್ತು. ನಿಂತು ಓದಿದೆ. ಅದು ಒಂದು ಸುತ್ತು ಹೋಗಿ ಮತ್ತೆ ಬಂತು. ಮತ್ತೆ ಓದಿದೆ. ಗಾಜಿನ ಒಳಗಿನಿಂದ ಕೌಂಟರಿನವರು ನನ್ನ ಗುರುತು ಹಿಡಿದು ಕೈ ಎತ್ತಿದರು. ಎದ್ದು ಬಂದು, ನನಗೆ ಕಾಣುವ ಹಾಗೆ, ಕುರ್ಚಿ ಎಳೆದಿಟ್ಟರು.

ಆವತ್ತು ನಾನು ಒಳಗೆ ಹೋಗಲಿಲ್ಲ. ಸರ ಈಗ ಅಕ್ಕಿ ಡಬ್ಬಿಯ ತಳದಲ್ಲಿದೆ. ಅಕ್ಕಿ ತೆಗೆಯುವಾಗೆಲ್ಲ ಕೈ ತಳದವರೆಗೆ ಇಳಿದು ಮುಟ್ಟಿ ನೋಡಿ ಬರುತ್ತದೆ.