ಜೇಬಿನಲ್ಲಿದ್ದ ಕೈ

ಪಿಟೀಲು ಹಿಡಿದರೆ ನಮ್ಮ ಕಾಸೆಲ್ ಊರಿನಲ್ಲಿ ಒಟ್ಟೀಲಿಯೆಗೆ ಸಾಟಿಯಿರಲಿಲ್ಲ. ಅಂಥವಳು ಯುದ್ಧ ಸೋತ ಮೇಲೆ ನಮ್ಮೆಲ್ಲರ ಜೊತೆ ಬಿದ್ದ ಮನೆಗಳ ಇಟ್ಟಿಗೆಗಳಿಂದ ಹಳೇ ಗಾರೆ ಕೆರೆಯುತ್ತಿದ್ದಳು. ಸಭೆಯಲ್ಲಿ ನುಡಿಸಲು, ಗೆದ್ದು ಊರನ್ನು ಆಳುತ್ತಿದ್ದ ಅಮೆರಿಕನ್ನರ ಪರವಾನಗಿ ಬೇಕಿತ್ತು.

"ಇನ್ನೊಂದು ಚಳಿಗಾಲ ಇಟ್ಟಿಗೆ ಹಿಡಿದ್ರೆ ಈ ಬೆರಳು ಸತ್ತ ಹಾಗೇ ಕಣೇ," ಎನ್ನುತ್ತಿದ್ದಳು.

ಗಂಡ ವೆಂಡೆಲಿನ್, ಶಾಲೆಯ ಮೇಷ್ಟ್ರು. ಹಿಂದೆ ನಾಜಿಗಳ ಕಾಲದಲ್ಲಿ ಒಂದು ಸಂಗೀತ ಕಛೇರಿಯಲ್ಲಿ ರಾಷ್ಟ್ರಗೀತೆಗೆ ಊರಿಗೆ ಊರೇ ಎದ್ದು ಬಲಗೈ ಚಾಚಿ ಸಲಾಮು ಹೊಡೆದಾಗ, ಈ ಪುಣ್ಯಾತ್ಮ ಕೈಯನ್ನು ಜೇಬಿನಿಂದ ತೆಗೆಯಲಿಲ್ಲ. ಬೆಳಗಾಗುವುದರೊಳಗೆ ನಾಜಿ ಪೊಲೀಸರು ಎಳೆದುಕೊಂಡು ಹೋದರು. ಜೈಲಿನಿಂದ ಮರಳಿದಾಗ ಮೈಯಲ್ಲಿ ಮೂಳೆ, ತಲೆಯಲ್ಲಿ ಹೆದರಿಕೆ, ಅಷ್ಟೇ ಉಳಿದಿದ್ದವು. ಒಬ್ಬರನ್ನೇ ಬಿಟ್ಟು ಹೋಗುವ ಹಾಗಿರಲಿಲ್ಲ.

ಸಂಗೀತದ ಉಸ್ತುವಾರಿಯ ಅಮೆರಿಕನ್ ಕ್ಯಾಪ್ಟನ್ ಲಿಂಡ್‌ಕ್ವಿಸ್ಟ್ ಸಂಗೀತ ತಿಳಿದವನೇ. ಪರವಾನಗಿಯ ಪರೀಕ್ಷೆಗೆ ಕೃತಿಯನ್ನು ಅವನೇ ಆರಿಸಿದ. ಎಂದೋ ಒಬ್ಬ ಮುದುಕ ಸಂಗೀತಗಾರ ತನ್ನ ಚಕ್ರವರ್ತಿಗಾಗಿ ಕಟ್ಟಿದ ಧಾಟಿ ಅದರಲ್ಲಿತ್ತು. ನಮ್ಮ ರಾಷ್ಟ್ರಗೀತೆಯ ಧಾಟಿಯೂ ಅದೇ.

"ನಾವು ನಿಷೇಧಿಸಿರೋದು ಹಾಡನ್ನ, ಧಾಟಿಯನ್ನಲ್ಲ. ನಾಜಿಗಳು ಕೆಡಿಸೋ ಮೊದಲು ಇದ್ದ ಹಾಗೆ ಕೇಳಬೇಕು ನನಗೆ," ಎಂದ.

ಒಟ್ಟೀಲಿಯೆಯ ನಾಲ್ವರ ಮೇಳದಲ್ಲಿ ನಾನು ಎರಡನೇ ಪಿಟೀಲಿನವಳು. "ಬೆಂಕಿ ಜೊತೆ ಸರಸ ಬೇಡ ಕಣೇ," ಎಂದೆ.

"ಧಾಟಿ ಯಾರ ಮನೆ ಹಾಳು ಮಾಡಿತ್ತು? ಸುಮ್ನಿರೆ!" ಎಂದಳು.

ಅರ್ಧ ಸೂರು ಹೋದ ಚರ್ಚಿನಲ್ಲಿ ಕ್ಯಾಪ್ಟನ್ ಕೂತ. ಮುಂದಿನ ಸಾಲಿನಲ್ಲಿ ಮೇಷ್ಟ್ರನ್ನೂ ಕೂರಿಸಿದ್ದೆವು. ಎರಡನೇ ಭಾಗದಲ್ಲಿ ಆ ಧಾಟಿ ಬಂತು. ಅಯ್ಯೋ, ಆ ಒಡೆದ ಬೆರಳುಗಳಿಂದ ಎಂಥ ನಾದ! ಅಷ್ಟರಲ್ಲಿ ಕುರ್ಚಿ ಉರುಳಿತು. ಮೇಷ್ಟ್ರು ಎದ್ದು ನಿಂತಿದ್ದರು. ಬಲಗೈಯನ್ನು ನೆಟ್ಟಗೆ ಮುಂದೆ ಚಾಚಿದ್ದರು. ಜೈಲಿನಲ್ಲಿ ಹೊಡೆದು ಹೊಡೆದು ಕಲಿಸಿದ್ದು ಅದೇ.

ಒಟ್ಟೀಲಿಯೆ ಕೆಳಗಿಳಿದು ಕ್ಯಾಪ್ಟನ್ ಬಳಿಗೆ ಓಡಿದಳು. "ಸಾರ್, ಕೈ ಎತ್ತಲಿಲ್ಲ ಅಂತಲೇ ಇವರನ್ನ ಜೈಲಿಗೆ ಹಾಕಿದ್ದು!"

"ಈ ಊರಲ್ಲಿ ಯಾರನ್ನ ಕೇಳಿದ್ರೂ ಕೈ ಎತ್ತಿಲ್ಲ ಅಂತಾರಮ್ಮ," ಎಂದ ಕ್ಯಾಪ್ಟನ್. "ನನ್ನ ಕಣ್ಣೆದುರಿಗೆ ಎತ್ತಿದ್ದು ಇವರೊಬ್ಬರೇ."

ಟೋಪಿ ಹಾಕಿಕೊಂಡು ಹೊರಟೇ ಹೋದ. ಪರವಾನಗಿ ಸಿಗಲಿಲ್ಲ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ, ನನ್ನ ಹೊಟ್ಟೆ ಉರಿಯುವುದೇ ಅದಕ್ಕೆ. ಎತ್ತಿದವರೆಲ್ಲ ನುಣ್ಣಗೆ ಜಾರಿಕೊಂಡಿದ್ದರು.

ಮನೆಯ ದಾರಿಯಲ್ಲಿ ಮೇಷ್ಟ್ರು ಹೆಂಡತಿಯ ತೋಳು ಜಗ್ಗಿದರು. "ಒಟ್ಟೀ, ಈ ಸಲ ಸರಿಯಾಗಿ ಎತ್ತಿದೆ ಅಲ್ವಾ? ಹೊಡೆಯಲ್ಲ ಅಲ್ವಾ?"

ಅವಳು ಆ ಕೈಯನ್ನು ಹಿಡಿದು, ಚಳಿಯೆಂದು ಅವರ ಜೇಬಿನೊಳಗೆ ಇಟ್ಟಳು.

"ಹೂಂ ರೀ. ಸರಿಯಾಗೇ ಎತ್ತಿದ್ರಿ."