ಬೀಗ ಹಾಕಿದ ಪೆಟ್ಟಿಗೆ, ಬಾತುಕೋಳಿಯ ಜಾಝ್

ಚರ್ಚಿನಲ್ಲಿ ಬೆಳಗಿನ ಆರು ಗಂಟೆಯ ಪೂಜೆ ಮುಗಿಸಿ ವಿಲ್ಲಿ ರೇಗೊ ಕಂಕನಾಡಿಯ ಮನೆಗೆ ಬರುತ್ತಿದ್ದರು. ಹೆಂಡತಿ ವೆರೋನಿಕಾ ಕಾಫಿಗೆ ನೀರಿಟ್ಟ ಕೂಡಲೇ, ಜಪಸರದ ಜೊತೆ ಕಿಸೆಯಲ್ಲಿರುತ್ತಿದ್ದ ಟ್ರಂಪೆಟಿನ ಮೌತ್‌ಪೀಸನ್ನು ತೆಗೆದು, ಅಂಗೈಯಲ್ಲಿ ಬೆಚ್ಚಗೆ ಮಾಡಿ, ಬಾವಿಕಟ್ಟೆಯ ಮೇಲೆ ಕುಳಿತು ಊದುತ್ತಿದ್ದರು. ಟ್ರಂಪೆಟ್ ಇಲ್ಲ, ತುಟಿಗೆ ತಾಗುವ ಆ ಹಿತ್ತಾಳೆಯ ತುಂಡು ಮಾತ್ರ. ಅದರಿಂದ ಹೊರಡುತ್ತಿದ್ದದ್ದು ನೆಗಡಿಯಾದ ಬಾತುಕೋಳಿಯ ಸ್ವರ. ನೀರು ಕುದಿಯುವವರೆಗೆ ಊದಿ, ಒರೆಸಿ, ಕಿಸೆಗೆ ಹಾಕಿಕೊಂಡ ಮೇಲೆಯೇ ಕಾಫಿ. ಜ್ವರದ ದಿನವೂ, ಮಗಳ ಮದುವೆಯ ದಿನವೂ ಇದು ತಪ್ಪಲಿಲ್ಲ. "ಒಂದು ದಿನ ಬಿಟ್ಟರೆ ತುಟಿ ಮರೆತುಬಿಡ್ತದೆ" ಎನ್ನುತ್ತಿದ್ದರು.

ವಾರವಿಡೀ ಅವರಿಗೆ ಹಂಚಿನ ಕಾರ್ಖಾನೆಯಲ್ಲಿ ಕೆಲಸ. ಮದುವೆಗೆ, ಚರ್ಚಿನ ಹಬ್ಬಕ್ಕೆ, ಶವಯಾತ್ರೆಗೆ ಅವರ ತಂದೆ ಕಟ್ಟಿದ ಆರು ಜನರ ಬ್ಯಾಂಡ್‌ಸೆಟ್. ಹಿಂದೆ ಸಿಡುಬು ಬಂದ ವರ್ಷ, ಮಕ್ಕಳು ಉಳಿದರೆ ಪಾಸ್ಕ, ಅಂದರೆ ಈಸ್ಟರ್ ಹಬ್ಬದ ಮುಂಚಿನ ನಲವತ್ತು ದಿನಗಳ ತಪಸ್ಸಿನ ಕಾಲದಲ್ಲಿ ಬ್ಯಾಂಡು ಮೌನವಾಗಿರುತ್ತದೆಂದು ತಂದೆ ಹರಕೆ ಹೊತ್ತಿದ್ದರು. ಮಕ್ಕಳು ಉಳಿದರು. ಅಂದಿನಿಂದ ತಪಸ್ಸಿನ ಕಾಲ ಶುರುವಾಗುವ ಬೂದಿ ಬುಧವಾರದ ಹಿಂದಿನ ದಿನ ವಾದ್ಯಗಳನ್ನೆಲ್ಲ ಒರೆಸಿ, ದೊಡ್ಡ ಮರದ ಪೆಟ್ಟಿಗೆಗೆ ಹಾಕಿ ಬೀಗ ಜಡಿದು, ಬೀಗದ ಕೈಯನ್ನು ಚರ್ಚಿನ ಗುರುಗಳಾದ ವಿಗಾರರಿಗೆ ಒಪ್ಪಿಸುವುದು ಕ್ರಮವಾಯಿತು. ತುಟಿಯ ಅಭ್ಯಾಸ ತಪ್ಪಬಾರದೆಂದು ಮೌತ್‌ಪೀಸ್ ಮಾತ್ರ ಅವರವರ ಕಿಸೆಯಲ್ಲಿ ಉಳಿಯುತ್ತಿತ್ತು.

ವಿಲ್ಲಿಯವರಿಗೆ ಜಾಝ್ ಹಿಡಿದದ್ದು ಬಂದರಿನಲ್ಲಿ. ಅಲ್ಲಿನ ಅಕ್ಕಿ ವ್ಯಾಪಾರಿ ಶುಕೂರ್ ಸಾಹೇಬರ ಗೋದಾಮಿನಲ್ಲಿ ಒಂದು ಗ್ರಾಮಫೋನ್ ಇತ್ತು, ಹಡಗಿನವರು ಬಿಟ್ಟುಹೋದ ಕೆಲವು ತಟ್ಟೆಗಳೂ ಇದ್ದವು. ಎಲ್ಲರೂ ಒಂದೇ ದಾರಿಯಲ್ಲಿ ಹೋಗುತ್ತಿರುವಾಗ ಒಬ್ಬ ಮಾತ್ರ ಪಕ್ಕದ ಓಣಿಗೆ ಇಳಿದು, ಮನಸ್ಸು ಬಂದಷ್ಟು ಸುತ್ತಾಡಿ, ತಾಳ ತಪ್ಪದೆ ಮತ್ತೆ ಬಂದು ಸೇರಿಕೊಳ್ಳುವ ಸಂಗೀತ. ಭಾನುವಾರ ಭಾನುವಾರ ಅದನ್ನು ಕೇಳಿ ಕೇಳಿ, ಮದುವೆಯ ಮೆರವಣಿಗೆಯಲ್ಲಿ ವಿಲ್ಲಿ ಯಾರಿಗೂ ಹೇಳದೆ ಒಂದೆರಡು ಸಲ ಓಣಿಗೆ ಇಳಿದು ಬರುತ್ತಿದ್ದರು.

ಅದನ್ನು ಗುರುತಿಸಿದವರು ಕೊಡಿಯಾಲ್‌ಬೈಲಿನ ಶಾಲೆಯೊಂದರ ಡ್ರಾಯಿಂಗ್ ಮಾಸ್ತರು ಕೃಷ್ಣರಾಜ. ದೇವಸ್ಥಾನದ ಅರ್ಚಕರ ಮಗ. ಎರವಲು ಕ್ಯಾಮೆರಾದಲ್ಲಿ ಅವರು ಮಕ್ಕಳಿಗಾಗಿ ಒಂದು ಸಣ್ಣ ಸಿನೆಮಾ ತೆಗೆದಿದ್ದರು. ಬೋಳಾರದ ಮನೆಯಿಂದ ತಪ್ಪಿಸಿಕೊಂಡ ಬಾತುಮರಿ ಹೊಳೆ ಹುಡುಕುತ್ತಾ ಇಡೀ ಪೇಟೆ ಸುತ್ತುವ ಕಥೆ. ಮಾತೇ ಇಲ್ಲ.

"ಪೊರ್ಬುಗಳೇ, ಆ ಮರಿ ನಿಮ್ಮ ಹಾಗೆಯೇ ದಾರಿ ತಪ್ತದೆ. ಸಂಗೀತ ನೀವೇ ಮಾಡ್ಬೇಕು" ಎಂದರು ಮಾಸ್ತರು, ಕ್ರೈಸ್ತರನ್ನು ಊರವರು ಕರೆಯುವ ಹೆಸರಿನಿಂದಲೇ ಕರೆದು.

ವಿಲ್ಲಿಗೆ ಆಗ ಐವತ್ತೊಂದು. ಮೂವತ್ತು ವರ್ಷ ಬೇರೆಯವರ ಹಾಡು ನುಡಿಸಿದ ಮನುಷ್ಯ ಮೊದಲ ಬಾರಿಗೆ ತನ್ನದೇ ರಾಗವನ್ನು ಪುಸ್ತಕದಲ್ಲಿ ಬರೆದರು. ಎರಡು ತಿಂಗಳು ಆ ಆರು ಜನ ಅದನ್ನೇ ಅಭ್ಯಾಸ ಮಾಡಿದರು.

ಧ್ವನಿಮುದ್ರಣಕ್ಕೆ ಒಪ್ಪಿದವನು ಶುಕೂರರ ತಂಗಿಯ ಮಗ ಜಮಾಲುದ್ದೀನ್. ಬೊಂಬಾಯಿಯ ಸ್ಟುಡಿಯೊದಲ್ಲಿ ಕೆಲಸ. ಟೇಪಿನ ಯಂತ್ರ ತರುತ್ತೇನೆ, ಆದರೆ ಒಂದೇ ವಾರದ ರಜೆ, ಯಾವಾಗ ಬರಲಿ ಎಂದು ಕಾಗದ ಬರೆದ. ಮಾಸ್ತರು ರಂಜಾನಿನ ಉಪವಾಸ ಮುಗಿಯಲೆಂದು ಕಾದರು, ತಂದೆಯ ಕೈಯಲ್ಲಿ ಪಂಚಾಂಗ ನೋಡಿಸಿದರು. ಪೆರ್ನಾಲಿನ, ಅಂದರೆ ಈದ್ ಹಬ್ಬದ ಮರುದಿನ ಶುಭ ಎಂದು ಗೊತ್ತಾಯಿತು. ೧೯೬೨ರ ಮಾರ್ಚ್. ಪೆಟ್ಟಿಗೆಗೆ ಬೀಗ ಬಿದ್ದದ್ದು ಅದೇ ವಾರ.

"ನಮ್ಮ ಪಂಚಾಂಗದಲ್ಲಿ ನಿಮ್ಮ ತಪಸ್ಸಿನ ಕಾಲ ಎಲ್ಲಿ ಉಂಟು ಮಾರಾಯ್ರೆ!" ಮಾಸ್ತರು ತಲೆ ಹಿಡಿದುಕೊಂಡರು. ತಿಂಗಳ ಕೊನೆಗೆ ಸಿನೆಮಾ ಬೊಂಬಾಯಿಯ ಮಕ್ಕಳ ಪ್ರದರ್ಶನಕ್ಕೆ ಹೋಗಬೇಕಿತ್ತು. ಈ ವಾರ ತಪ್ಪಿದರೆ ಯಾವುದಾದರೂ ಗ್ರಾಮಫೋನ್ ತಟ್ಟೆ ಹಾಕುವುದೊಂದೇ ದಾರಿ. ವಿಲ್ಲಿಯ ರಾಗ ಪುಸ್ತಕದಲ್ಲೇ ಉಳಿಯುತ್ತಿತ್ತು.

"ಬೀಗದ ಕೈಯನ್ನು ಫಾದರರ ಹತ್ತಿರ ನಾನೇ ಕೇಳ್ತೇನೆ, ಕೊಡ್ತಾರೆ."

"ಫಾದರ್ ಕೊಟ್ಟಾರು ಮಾಸ್ಟ್ರೇ. ಮೇಲೆ ಅಪ್ಪ ಇದ್ದಾರಲ್ಲ, ಅವರಿಗೆ ಎಂತ ಹೇಳ್ಲಿ?"

ಆ ರಾತ್ರಿ ವಿಲ್ಲಿ ಊಟ ಮಾಡಲಿಲ್ಲವೆಂದು ವೆರೋನಿಕಾ ಬಹಳ ವರ್ಷದ ಮೇಲೂ ನೆನೆಯುತ್ತಿದ್ದರು. ಬೆಳಿಗ್ಗೆ ಎಂದಿನಂತೆ ಬಾವಿಕಟ್ಟೆಯಲ್ಲಿ ಕುಳಿತು ಊದಿದರು. ಗೊತ್ತಿಲ್ಲದೆಯೇ ಬಂದದ್ದು ಬಾತುಮರಿಯ ರಾಗ. ವೆರೋನಿಕಾ ಅಡುಗೆಮನೆಯಿಂದ ಹೊರಗೆ ಬಂದು ನಿಂತರು.

"ಇದೇ ಚೆಂದ ಉಂಟಲ್ಲ? ಬಾತುಕೋಳಿ ಟ್ರಂಪೆಟ್ ಊದ್ತದಾ?"

ನೀರು ಕುದಿದು ಆರಿತು. ಕಾಫಿ ಕುಡಿಯದೆಯೇ ವಿಲ್ಲಿ ಬಂದರಿಗೆ ಹೊರಟರು.

ಗೋದಾಮಿನಲ್ಲಿ ಆರು ಜನ ಸೇರಿದರು. ಡ್ರಮ್ಮಿನ ಪೌಲ್‌ಗೆ ಸಮಾಧಾನವಿಲ್ಲ. "ಇದು ಉಪವಾಸ ಅಂತ ಹೇಳಿ ಪಾಯಸದ ಪಾತ್ರೆ ನೆಕ್ಕಿದ ಹಾಗೆ ಅಲ್ವಾ?"

"ಅಪ್ಪ ಬೀಗ ಹಾಕಿದ್ದು ವಾದ್ಯಕ್ಕೆ. ಇದನ್ನು ದಿನಾ ಊದು ಅಂದದ್ದೂ ಅವರೇ" ಎಂದರು ವಿಲ್ಲಿ. "ನಿನ್ನ ಡ್ರಮ್ ಇಲ್ಲ. ಹಿಡಿಸೂಡಿ ತಕ್ಕೊ."

ಪೌಲ್ ಕಸ ಗುಡಿಸುವ ಆ ಹಿಡಿಸೂಡಿಯಿಂದ ಅಕ್ಕಿ ಗೇರುವ ಗೆರಸೆಯನ್ನು ಸವರಿದ. ಸರಕ್, ಸರಕ್ ಎಂದು ತಾಳ ಎದ್ದಿತು. ಶುಕೂರರು ಅಡುಗೆಯವಳಿಂದ ತೆಂಗಿನ ಗೆರಟೆಗಳನ್ನು ತರಿಸಿಕೊಟ್ಟರು. ಮೌತ್‌ಪೀಸಿನ ಬಾಯಿಗೆ ಗೆರಟೆ ಹಿಡಿದು ತೆರೆದು ಮುಚ್ಚಿದರೆ ಸ್ವರ ಅತ್ತು ನಗುತ್ತಿತ್ತು. ಕ್ಲಾರಿಯೊನೆಟಿನ ಮೌತ್‌ಪೀಸ್ ಬರೀ ಕಿರುಚಿತು. ಕಳೆದುಹೋದ ಮರಿಗೆ ಅದೇ ಸರಿಯಾಯಿತು. ಸುತ್ತಲಿನ ಅಕ್ಕಿಮೂಟೆಗಳು ಪ್ರತಿಧ್ವನಿಯನ್ನು ನುಂಗಿಕೊಂಡವು.

"ನನ್ನ ಅಕ್ಕಿಗೂ ಹೆಸರು ಹಾಕಿ ಮಾಸ್ಟ್ರೇ, ಸಿನೆಮಾದಲ್ಲಿ" ಎಂದು ಶುಕೂರರು ನಕ್ಕರು.

ಮೊದಲ ಎರಡು ದಿನ ನಗುವೇ ಟೇಪಿಗೆ ಹತ್ತಿತು. ಮೂರನೆಯ ದಿನಕ್ಕೆ ಉಳಿದದ್ದು ಒಂದು ಸಲಕ್ಕೆ ಸಾಲುವಷ್ಟು ಟೇಪು. ಗೋಡೆಯ ಮೇಲೆ ಓಡುತ್ತಿದ್ದ ಸಿನೆಮಾದಲ್ಲಿ ಮರಿ ಬಸ್ಸುಗಳ ನಡುವೆ ಸಿಕ್ಕಿಬೀಳುವ ಜಾಗಕ್ಕೆ ಬಂದಾಗ ವಿಲ್ಲಿ ಕಣ್ಣು ಮುಚ್ಚಿ ಓಣಿಗೆ ಇಳಿದರು. ಬಹಳ ದೂರ ಹೋದರು. ಪೌಲ್ ಗಾಬರಿಯಿಂದ ನೋಡುತ್ತಾ ಸವರುತ್ತಲೇ ಇದ್ದ. ಹೊಳೆ ಕಾಣುವ ಕ್ಷಣಕ್ಕೆ ಸರಿಯಾಗಿ ಆರೂ ಜನ ಒಟ್ಟಿಗೆ ಬಂದು ಸೇರಿದರು.

ಜಮಾಲುದ್ದೀನ್ ಕಿವಿಯಿಂದ ಹೆಡ್‌ಫೋನ್ ತೆಗೆದು ಪಕ್ಕಕ್ಕಿಟ್ಟ. "ಟೇಪ್ ಮುಗಿದಿದೆ. ಇನ್ನೊಂದು ಸಲ ಊದಿ ಕಾಕಾ. ನನಗೆ ಕೇಳ್ಲಿಕ್ಕೆ."

ಮೇ ತಿಂಗಳ ಬೇಸಿಗೆ ರಜೆಯಲ್ಲಿ ಮಾಸ್ತರ ಶಾಲೆಯ ಸಭಾಂಗಣದಲ್ಲಿ ಸಿನೆಮಾ ತೋರಿಸಿದರು. ಮಕ್ಕಳು ಬೆಂಚಿನ ಮೇಲೆ ಹತ್ತಿ ನಿಂತರು. ಮತ್ತೊಮ್ಮೆ ಎಂದು ಕೂಗಿದರು. ಎರಡನೆಯ ಸಲ ನೋಡಿ, ತುಟಿ ಅದುರಿಸಿ ಅದೇ ರಾಗ ಊದುತ್ತಾ ಬಾತುಕೋಳಿಯ ಸಾಲಿನಂತೆ ಹೊರಗೆ ನಡೆದರು. ಬೊಂಬಾಯಿಯಿಂದ ಸಂಗೀತಕ್ಕೆಂದೇ ಒಂದು ಪ್ರಶಸ್ತಿಪತ್ರ ಬಂತು. ಅದರಲ್ಲಿ ಆರು ಜನರ ಹೆಸರೂ ಇತ್ತು. ಸಿನೆಮಾವನ್ನು ಆಮೇಲೆ ಹೆಚ್ಚು ಜನ ನೋಡಲಿಲ್ಲ. ಆದರೆ ಆ ವರ್ಷವಿಡೀ ಕಂಕನಾಡಿಯ ಮಾರ್ಕೆಟಿನಲ್ಲಿ ವಿಲ್ಲಿ ಕಂಡಲ್ಲೆಲ್ಲ ಯಾವುದಾದರೊಂದು ಮಗು ತುಟಿ ಅದುರಿಸುತ್ತಿತ್ತು. ವಿಲ್ಲಿ ಚೀಲ ಕೆಳಗಿಟ್ಟು ಉತ್ತರ ಕೊಡುತ್ತಿದ್ದರು.

ಮುಂದಿನ ವರ್ಷ ಮಾಸ್ತರು ಇನ್ನೊಂದು ಸಿನೆಮಾ ತೆಗೆದರು. ಜಮಾಲುದ್ದೀನನ ರಜೆ ಮತ್ತೆ ತಪಸ್ಸಿನ ಕಾಲದಲ್ಲೇ ಬಂತು. ಬೂದಿ ಬುಧವಾರದ ಹಿಂದಿನ ದಿನ ವಿಲ್ಲಿ ಬೀಗದ ಕೈ ಹಿಡಿದು ಹೋದಾಗ, ವಿಗಾರರು ಅದನ್ನು ಮೇಜಿನ ಮೇಲೆ ಅವರ ಕಡೆಗೇ ಸರಿಸಿದರು.

"ವಿಲ್ಲಿಬಾಬ್, ಹರಕೆಯನ್ನು ಬದಲಿಸುವ ಅಧಿಕಾರ ನನಗೆ ಉಂಟು. ಹತ್ತು ಬಡವರಿಗೆ ಊಟ ಹಾಕಿ, ಸಾಕು. ಈ ಸಲ ನಿಜವಾದ ವಾದ್ಯದಲ್ಲೇ ನುಡಿಸಿ."

ವಿಲ್ಲಿ ಕಿಸೆ ಮುಟ್ಟಿ ನೋಡಿಕೊಂಡರು. ಜಪಸರವೂ ಇತ್ತು, ಮೌತ್‌ಪೀಸೂ ಇತ್ತು. ಬೀಗದ ಕೈಯನ್ನು ಮೆಲ್ಲಗೆ ವಿಗಾರರ ಕಡೆಗೆ ಸರಿಸಿದರು.

"ಊಟ ಹಾಕ್ತೇವೆ ಫಾದರ್. ಇದು ಮಾತ್ರ ಬೇಡ, ನಿಮ್ಮಲ್ಲೇ ಇರಲಿ. ಪಾಸ್ಕದವರೆಗೆ ನಮಗೆ ಬಾಯಿ ತುಂಬ ಕೆಲಸ ಉಂಟು."